ಕಬ್ಬಿಗೆ ನೀರು, ಕಟ್ಟಿಗೆಗೆ ಬೆಂಕಿ: ಸರ್ ಎಂವಿ ಬದುಕಿನ ಭದ್ರಾವತಿ ಅಧ್ಯಾಯ

ಪುಣೆಯ ಬಿಬವೇವಾಡಿಗೆ ಹೊಂದಿಕೊಂಡಂತೆಯೇ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್ ಇದೆ. ಬೆಲ್ಲ, ಬೇಳೆಕಾಳುಗಳ ಸಗಟು ವ್ಯಾಪಾರಕ್ಕೆ ಹೆಸರಾದ ಜಾಗ. ಇಲ್ಲಿಗೆ ಬರುವ ಬೆಲ್ಲದ ಹಿಂದೆ ಪಶ್ಚಿಮ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿವೆ, ಗದ್ದೆಗಳ ಹಿಂದೆ ಕಾಲುವೆಗಳಿವೆ, ಕಾಲುವೆಗಳ ಕಥೆಯಲ್ಲಿ ನಮ್ಮ ಮುದ್ದೇನಹಳ್ಳಿಯ ಹುಡುಗನೊಬ್ಬನ ಹೆಸರೂ ಇದೆ. ಸರ್ ಎಂ. ವಿಶ್ವೇಶ್ವರಯ್ಯ.

ಸರ್ ಎಂವಿ ಎಂದರೆ ಕನ್ನಂಬಾಡಿ ಕಟ್ಟೆ ಎಂದು ಹೇಳಿ ಮುಗಿಸಿಬಿಡುವುದು ನಮ್ಮ ರೂಢಿ. ಸೆಪ್ಟೆಂಬರ್ 15 ಬಂದರೆ ಎಂಜಿನಿಯರ್‌ಗಳ ದಿನದ ಶುಭಾಶಯ ಕಳಿಸುತ್ತೇವೆ, ಪೇಟ ಸುತ್ತಿದ ಫೋಟೋ ಹಂಚಿಕೊಳ್ಳುತ್ತೇವೆ. ಆದರೆ ಅವರ ಬದುಕಿನ ಅತಿ ದೊಡ್ಡ ಜೂಜು ಅಣೆಕಟ್ಟೆಯಲ್ಲ, ಭದ್ರಾವತಿ. ಅಲ್ಲಿ ಅವರು ಮಲೆನಾಡಿನ ಕಟ್ಟಿಗೆಯನ್ನು ಗಾಳಿಯಾಡದ ಕಬ್ಬಿಣದ ಗೂಡಿಗೆ ತುಂಬಿ ಕಾಯಿಸಲು ಹೊರಟರು. ಮರದಲ್ಲಿರುವ ಪ್ರತಿಯೊಂದಕ್ಕೂ ಬೆಲೆ ಇದೆ ಎಂಬುದು ಅವರ ಲೆಕ್ಕ. ಲೆಕ್ಕ ಎಲ್ಲಿ ಕೈಕೊಟ್ಟಿತು, ಎಲ್ಲಿ ಅವರ ಕಾಲಕ್ಕಿಂತ ಮುಂದಿತ್ತು ಎಂಬುದು ಇಂದು, ಕಬ್ಬಿನ ಸಿಪ್ಪೆಯಿಂದ ಸಕ್ಕರೆ ತೆಗೆದು ಎಥನಾಲ್ ಮಾಡುವ ಮಾತು ಕೇಳಿಬರುತ್ತಿರುವಾಗ, ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಮುದ್ದೇನಹಳ್ಳಿಯಿಂದ ಪುಣೆಗೆ

ವಿಶ್ವೇಶ್ವರಯ್ಯ ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಹುಡುಗ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಎಂಜಿನಿಯರಿಂಗ್ ಓದಲು ಹೋಗಿದ್ದು ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ. ಶಿವಾಜಿನಗರದಲ್ಲಿರುವ ಇಂದಿನ ಸಿಒಇಪಿ ಅದೇ.

1883ರ ಅಂತಿಮ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷವೇ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್. ನಾಸಿಕ್, ಖಾನದೇಶ, ಸಿಂಧ್‌ನ ಸುಕ್ಕೂರ್, ಹೀಗೆ ಸುತ್ತಾಡಿದರೂ ಮನಸ್ಸು ಬೆಳೆದದ್ದು ಪುಣೆಯಲ್ಲಿ. ರಾನಡೆ, ಗೋಖಲೆ ಅವರ ಒಡನಾಟ ಸಿಕ್ಕಿದ್ದು ಇಲ್ಲಿ. ದೇಶ ಬಡವಾಗಿದ್ದರೆ ಅದಕ್ಕೆ ಕಾರಣ ಹಣೆಬರಹವಲ್ಲ, ಕೈಗಾರಿಕೆ ಇಲ್ಲದಿರುವುದು ಎಂಬ ವಿಚಾರ ಆ ಕಾಲದ ಪುಣೆಯ ಗಾಳಿಯಲ್ಲೇ ಇತ್ತು. 1898ರಲ್ಲಿ ಅವರು ಜಪಾನ್ ನೋಡಿಬಂದ ಮೇಲೆ ಆ ವಿಚಾರ ಹಠವಾಯಿತು.

ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟುಗಳ ಕಥೆ ನಿಮಗೆ ಗೊತ್ತಿರುತ್ತದೆ. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿದಿಡುವ ಉಪಾಯ ಅದು. ಆ ಜಲಾಶಯದ ನೀರು ಹೊತ್ತ ಮುಠಾ ಬಲದಂಡೆ ಕಾಲುವೆ ಇಂದಿಗೂ ಸ್ವಾರ್‌ಗೇಟ್ ಕಡೆಯಿಂದ ಹಡಪ್ಸರ್ ದಿಕ್ಕಿಗೆ ಊರೊಳಗೇ ಸಾಗುತ್ತದೆ. ಬಿಬವೇವಾಡಿಯ ಜನಕ್ಕೆ ಅದು ದಿನವೂ ಕಾಣುವ ನೀರು.

ಆದರೆ ಕಬ್ಬಿನ ವಿಚಾರಕ್ಕೆ ಬಂದರೆ ಗೇಟಿಗಿಂತ ಮುಖ್ಯವಾದದ್ದು ನೀರಾ ಕಾಲುವೆಯಲ್ಲಿ ಅವರು ತಂದ ಬ್ಲಾಕ್ ಪದ್ಧತಿ. ಆಗ ಕಾಲುವೆಯ ಮೇಲ್ಭಾಗದ ರೈತರು ಮನಸ್ಸಿಗೆ ಬಂದಷ್ಟು ನೀರು ಹರಿಸಿ ಕಬ್ಬು ಬೆಳೆಯುತ್ತಿದ್ದರು. ಅಲ್ಲಿ ನೆಲ ಜೌಗು ಹಿಡಿಯುತ್ತಿತ್ತು, ಕೆಳಗಿನ ಹಳ್ಳಿಗಳಿಗೆ ನೀರೇ ತಲುಪುತ್ತಿರಲಿಲ್ಲ. ವಿಶ್ವೇಶ್ವರಯ್ಯ ಜಮೀನನ್ನು ಬ್ಲಾಕ್‌ಗಳಾಗಿ ವಿಂಗಡಿಸಿದರು. ಒಂದು ಭಾಗಕ್ಕೆ ಕಬ್ಬು, ಒಂದು ಭಾಗಕ್ಕೆ ಭತ್ತ, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ. ಸರದಿಯಲ್ಲಿ ಬದಲಾಯಿಸುತ್ತಾ ಹೋಗಬೇಕು. ನೀರು ಹೆಚ್ಚು ಹಳ್ಳಿಗಳಿಗೆ ಹಂಚಿಕೆಯಾಗಬೇಕು. ಕಬ್ಬು ಬೆಳೆಯುವವರು ಸುಮ್ಮನೆ ಒಪ್ಪಲಿಲ್ಲ. ನೀರಿನ ಮೇಲಿನ ಹಿಡಿತ ಬಿಡುವುದು ಯಾರಿಗೂ ಇಷ್ಟವಿಲ್ಲ, ಅಂದೂ ಇಲ್ಲ ಇಂದೂ ಇಲ್ಲ. ಇದೇ ಬ್ಲಾಕ್ ಪದ್ಧತಿ ಮುಂದೆ ಮಂಡ್ಯ ಜಿಲ್ಲೆಯ ಇರ್ವಿನ್ ನಾಲೆಗೂ ಬಂತು. ಅದು ಇಂದಿನ ವಿಶ್ವೇಶ್ವರಯ್ಯ ನಾಲೆ. 1930ರ ದಶಕದಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆ ಎದ್ದು ನಿಂತದ್ದು ಆ ನೀರಿನಿಂದಲೇ. ಕಾರ್ಖಾನೆ ಕಟ್ಟಿದ ಶ್ರೇಯಸ್ಸು ಮಾತ್ರ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರಿಗೆ ಹೆಚ್ಚು ಸಲ್ಲಬೇಕು.

ಆಲೆಮನೆಯ ಒಲೆಯಲ್ಲಿ ಉರಿಯುವ ಸಕ್ಕರೆ

ಇಲ್ಲಿ ಸ್ವಲ್ಪ ನಿಂತು ಆಲೆಮನೆಯೊಂದನ್ನು ನೆನಪಿಸಿಕೊಳ್ಳಿ. ಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಕೆಳಗೆ ಒಲೆಯಲ್ಲಿ ಅದೇ ಕಬ್ಬಿನ ಒಣಗಿದ ಸಿಪ್ಪೆ ಉರಿಯುತ್ತಿರುತ್ತದೆ. ಸಕ್ಕರೆ ಮೇಲಿದೆ, ಕಸ ಕೆಳಗಿದೆ ಎಂದು ನಾವು ಅಂದುಕೊಳ್ಳುತ್ತೇವೆ. ರಸಾಯನಶಾಸ್ತ್ರ ಹಾಗೆ ಹೇಳುವುದಿಲ್ಲ. ಒಣ ಸಿಪ್ಪೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಸೆಲ್ಯುಲೋಸ್. ಸೆಲ್ಯುಲೋಸ್ ಎಂದರೆ ಗ್ಲೂಕೋಸ್ ಸಕ್ಕರೆಯ ಸಾವಿರಾರು ಅಣುಗಳು ಸರಪಳಿಯಂತೆ ಹೆಣೆದುಕೊಂಡಿರುವುದು. ಕಟ್ಟಿಗೆಯದೂ ಇದೇ ಕಥೆ. ನಾಲಿಗೆಗೆ ಸಿಹಿ ಹತ್ತದಷ್ಟು ಬಿಗಿಯಾದ ಸರಪಳಿ, ನಮ್ಮ ಹೊಟ್ಟೆಗೂ ಬಿಚ್ಚಲು ಬಾರದ ಸರಪಳಿ.

ಇದನ್ನು ಬಿಚ್ಚಬಹುದು ಎಂದು ತೋರಿಸಿದವರು ಫ್ರಾನ್ಸಿನ ಬ್ರಾಕೊನೊ. 1819ರಲ್ಲಿ ಅವರು ಹಳೆಯ ಬಟ್ಟೆ ಚಿಂದಿಯನ್ನು ಗಂಧಕಾಮ್ಲದಲ್ಲಿ ಕರಗಿಸಿ ಸಕ್ಕರೆ ಮಾಡಿದರು. ಆಮ್ಲದ ದಾರಿ ಅದು. ಇನ್ನೊಂದು ದಾರಿ ಬರೀ ಶಾಖದ್ದು. ಸೆಲ್ಯುಲೋಸನ್ನು ಗಾಳಿಯಿಲ್ಲದೆ ಕಾಯಿಸಿದಾಗ ಸರಪಳಿಯ ಕೊಂಡಿಗಳು ಕಳಚಿ ಲೆವೊಗ್ಲುಕೋಸಾನ್ ಎಂಬ ವಸ್ತು ಆವಿಯಾಗಿ ಹೊರಬರುತ್ತದೆ. ಗ್ಲೂಕೋಸ್‌ನಿಂದ ಒಂದು ನೀರಿನ ಅಣು ಕಳೆದರೆ ಲೆವೊಗ್ಲುಕೋಸಾನ್. ಅದಕ್ಕೆ ನೀರು ಸೇರಿಸಿ, ಒಂದಿಷ್ಟು ಆಮ್ಲದ ಸಹಾಯ ಕೊಟ್ಟರೆ ಮತ್ತೆ ಗ್ಲೂಕೋಸ್. ಜಿನೀವಾದಲ್ಲಿ ಪಿಕ್ಟೆ ಮತ್ತು ಸರಸಿನ್ ಎಂಬ ಇಬ್ಬರು ವಿಜ್ಞಾನಿಗಳು ಸೆಲ್ಯುಲೋಸನ್ನು ನಿರ್ವಾತದಲ್ಲಿ ಕಾಯಿಸಿ ಲೆವೊಗ್ಲುಕೋಸಾನ್ ಪಡೆದ ವಿವರವನ್ನು 1918ರಲ್ಲಿ ಪ್ರಕಟಿಸಿದರು.

ಅದೇ 1918ರಲ್ಲಿ ಮೈಸೂರು ಸಂಸ್ಥಾನ ಭದ್ರಾವತಿ ಯೋಜನೆಗೆ ಕೈಹಾಕಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಕಾಕತಾಳೀಯ ಅಷ್ಟೇ. ಆದರೆ ಎರಡೂ ಕಡೆ ನಡೆದದ್ದು ಒಂದೇ ಕೆಲಸ: ಗಾಳಿ ತಾಗಿಸದೆ ಸಸ್ಯದ ನಾರನ್ನು ಕಾಯಿಸುವುದು.

ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಬ್ಬಿಣ

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಬಂದ ವಿಶ್ವೇಶ್ವರಯ್ಯ 1912ರಲ್ಲಿ ದಿವಾನರಾದರು. ಮುಂದಿನ ಆರು ವರ್ಷಗಳ ಪಟ್ಟಿ ಶಾಲೆಯ ಮಕ್ಕಳಿಗೂ ಬಾಯಿಪಾಠ: ಮೈಸೂರು ಬ್ಯಾಂಕ್, ವಿಶ್ವವಿದ್ಯಾಲಯ, ಗಂಧದೆಣ್ಣೆ, ಸೋಪು. ಇವುಗಳಲ್ಲಿ ಗಂಧದೆಣ್ಣೆಯನ್ನು ಮಾತ್ರ ಇಲ್ಲಿ ನೋಡೋಣ, ಭದ್ರಾವತಿಯ ಯೋಚನೆಗೆ ಅದು ಹತ್ತಿರದ ನೆಂಟ. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಗೆ ಗಂಧದ ಕೊರಡು ಹೋಗುವುದು ನಿಂತಿತು. ಕೊರಡು ರಾಶಿ ಬಿತ್ತು. ಆಗ ಆಲ್‌ಫ್ರೆಡ್ ಚಾಟರ್‌ಟನ್ ಮುಂದಾಳತ್ವದಲ್ಲಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ ಸಡ್‌ಬರೊ ಮತ್ತು ವಾಟ್ಸನ್ ನೆರವಿನಿಂದ ಇಲ್ಲೇ ಎಣ್ಣೆ ಭಟ್ಟಿ ಇಳಿಸಲಾಯಿತು. ಕೊರಡು ಮಾರುವುದಕ್ಕಿಂತ ಅದರೊಳಗಿನ ಸಾರ ತೆಗೆದು ಮಾರುವುದೇ ಲಾಭ ಎಂಬ ಪಾಠ ಖಜಾನೆಯ ಲೆಕ್ಕದಲ್ಲೇ ಸಿಕ್ಕಿತು.

ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರು ಬೇಕಾದಷ್ಟಿತ್ತು. ಇಲ್ಲದ್ದು ಕಲ್ಲಿದ್ದಲು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ, ಬಂಗಾಳ-ಬಿಹಾರದ ಕಡೆಯಿಂದ ತರಿಸಿದರೆ ಕಬ್ಬಿಣಕ್ಕೆ ಚಿನ್ನದ ಬೆಲೆ. ಇದ್ದದ್ದು ಕಾಡು. ಶಿವಮೊಗ್ಗ, ಕಡೂರು ಸೀಮೆಯ ಕಾಡು. ಇದ್ದಿಲಿನಲ್ಲಿ ಅದಿರು ಕರಗಿಸುವುದು ಹೊಸದೇನಲ್ಲ, ನಮ್ಮ ಕಮ್ಮಾರರು ಎಷ್ಟೋ ತಲೆಮಾರುಗಳಿಂದ ಮಾಡಿಕೊಂಡು ಬಂದದ್ದೇ. ಹೊಸದಾಗಿದ್ದದ್ದು, ಇದ್ದಿಲು ಸುಡುವಾಗ ಹೊಗೆಯಾಗಿ ಹಾರಿಹೋಗುವುದನ್ನೂ ಹಿಡಿಯಬೇಕು ಎಂಬ ಹಂಬಲ.

ಇಂಥ ಸ್ಥಾವರದಲ್ಲಿ ಒಣಗಿಸಿದ ಕಟ್ಟಿಗೆಯನ್ನು ಬಂಡಿಗಳಲ್ಲಿ ತುಂಬಿ ರಿಟಾರ್ಟ್ ಎಂಬ ಕಬ್ಬಿಣದ ಗೂಡಿಗೆ ತಳ್ಳಿ ಬಾಗಿಲು ಮುಚ್ಚುತ್ತಾರೆ. ಹೊರಗಿನಿಂದ ಬೆಂಕಿ, ಒಳಗೆ ಗಾಳಿಯಿಲ್ಲ. ಗಂಟೆಗಟ್ಟಲೆ ಕಾಯಿಸಿದ ಮೇಲೆ ಗೂಡಿನಲ್ಲಿ ಇದ್ದಿಲು ಉಳಿಯುತ್ತದೆ. ಹೊರಬಂದ ಹಬೆ ತಣಿದು ಹುಳಿಯಾದ ಕಂದು ನೀರಾಗುತ್ತದೆ. ಅದಕ್ಕೆ ಸುಣ್ಣ ಬೆರೆಸಿದರೆ ಕ್ಯಾಲ್ಸಿಯಂ ಅಸಿಟೇಟ್, ಭಟ್ಟಿ ಇಳಿಸಿದರೆ ಮೆಥನಾಲ್ ಅಂದರೆ ಮರದ ಸ್ಪಿರಿಟ್, ತಳದಲ್ಲಿ ಡಾಂಬರಿನಂಥ ಟಾರು. ಯುದ್ಧದ ವರ್ಷಗಳಲ್ಲಿ ಈ ಅಸಿಟೇಟ್‌ಗೆ ಭಾರೀ ಬೇಡಿಕೆ. ಅದರಿಂದ ಅಸಿಟೋನ್, ಅಸಿಟೋನ್‌ನಿಂದ ಕಾರ್ಡೈಟ್ ಸಿಡಿಮದ್ದು. ಇದ್ದಿಲು ಕುಲುಮೆಗೆ, ರಾಸಾಯನಿಕ ಮಾರುಕಟ್ಟೆಗೆ. ಕಾರ್ಖಾನೆಯ ಮೊದಮೊದಲ ಹೆಸರಿನಲ್ಲಿಯೇ ಡಿಸ್ಟಿಲೇಷನ್ ಎಂಬ ಪದ ಕಬ್ಬಿಣಕ್ಕಿಂತ ಮುಂದೆ ಇತ್ತು. ಕಬ್ಬಿಣ ಬರೀ ಅರ್ಧ ಯೋಜನೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಟಾಟಾ ಉಕ್ಕಿನ ಕಾರ್ಖಾನೆಗೆ ಸಲಹೆಗಾರರಾಗಿದ್ದ ಅಮೆರಿಕದ ಸಿ.ಪಿ. ಪೆರಿನ್ ಅವರ ಸಲಹೆ ಪಡೆಯಲಾಯಿತು. ಯಂತ್ರಗಳು ಬರತೊಡಗುವ ಹೊತ್ತಿಗೆ ವಿಶ್ವೇಶ್ವರಯ್ಯ ದಿವಾನಗಿರಿಯಲ್ಲೇ ಇರಲಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯ ಕೊಡುವ ಕುರಿತು ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದ್ದರು. ಅರ್ಹತೆಯೊಂದೇ ಅಳತೆಯಾಗಬೇಕು ಎಂಬ ನಿಲುವಿನ ವಿಶ್ವೇಶ್ವರಯ್ಯ 1918ರ ಕೊನೆಗೆ ರಜೆಯ ಮೇಲೆ ಹೋಗಿ, ಮರುವರ್ಷ ಹುದ್ದೆ ಬಿಟ್ಟರು. ಓದುವ ಅವಕಾಶವೇ ಸಿಗದವರನ್ನು ಅರ್ಹತೆಯ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ ಎಂಬ ಪ್ರಶ್ನೆಗೆ ಅವರಲ್ಲಿ ಸಮಾಧಾನಕರ ಉತ್ತರ ಇರಲಿಲ್ಲ. ಅವರ ಅಭಿಮಾನಿಗಳು ಈ ಪುಟವನ್ನು ಬೇಗ ತಿರುವಿಬಿಡುತ್ತಾರೆ, ತಿರುವಬಾರದು.

1923: ಒಂದೇ ವರ್ಷ, ಎರಡು ಬೆಂಕಿ

1923ರ ಜನವರಿಯಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿಕೊಂಡಿತು. ಆದರೆ ಅದು ಹುಟ್ಟಿದ್ದೇ ಕೆಟ್ಟ ಗಳಿಗೆಯಲ್ಲಿ. ಯುದ್ಧ ಮುಗಿದು ಸಿಡಿಮದ್ದಿನ ಬೇಡಿಕೆ ಇಳಿದಿತ್ತು. ಕಬ್ಬಿಣದ ಬೆಲೆ ಬೀಳುತ್ತಿತ್ತು. ಕಾರ್ಖಾನೆಗೆ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಹಣ ಸುರಿದಾಗಿತ್ತು. ಜನರ ತೆರಿಗೆ ಹಣವನ್ನು ಕುಲುಮೆಗೆ ಹಾಕಿದರೆಂದು ಟೀಕೆ ಶುರುವಾಯಿತು.

ಇನ್ನೊಂದು ಏಟು ಯಾರೂ ಎಣಿಸದ ಕಡೆಯಿಂದ ಬಂತು. ಅದೇ 1923ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಕಟ್ಟಿಗೆಯ ಹಂಗೇ ಇಲ್ಲದೆ, ಅನಿಲಗಳನ್ನು ಭಾರೀ ಒತ್ತಡದಲ್ಲಿ ಕೂಡಿಸಿ ಮೆಥನಾಲ್ ತಯಾರಿಸತೊಡಗಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಕಟ್ಟಿಗೆ ಭಟ್ಟಿಗಳೂ ತತ್ತರಿಸಿದವು. ಮರದ ಪ್ರತಿಯೊಂದು ಭಾಗಕ್ಕೂ ಬೆಲೆ ಸಿಗುತ್ತದೆ ಎಂಬ ಲೆಕ್ಕದ ಒಂದು ಕಾಲೇ ಮುರಿಯಿತು. ಎಂಜಿನಿಯರ್ ಎಷ್ಟೇ ಜಾಣನಾದರೂ ಇನ್ನೊಂದು ದೇಶದ ಪ್ರಯೋಗಶಾಲೆಯಲ್ಲಿ ಏನು ಬೇಯುತ್ತಿದೆ ಎಂದು ಹೇಗೆ ತಿಳಿದಾನು?

ಮಹಾರಾಜರು ಮತ್ತೆ ಕರೆದದ್ದು ವಿಶ್ವೇಶ್ವರಯ್ಯನವರನ್ನೇ. ವಯಸ್ಸು ಅರವತ್ತು ದಾಟಿತ್ತು. 1923ರಿಂದ 1929ರವರೆಗೆ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕಾರ್ಖಾನೆಯ ಹೊಣೆ ಹೊತ್ತರು. ವಿದೇಶಿ ತಜ್ಞರ ಜಾಗಕ್ಕೆ ಒಬ್ಬೊಬ್ಬರಾಗಿ ಇಲ್ಲಿನ ಎಂಜಿನಿಯರ್‌ಗಳನ್ನು ತಂದರು, ಖರ್ಚಿನ ಪ್ರತಿ ಬಾಬನ್ನೂ ಕೆದಕಿ ನೋಡಿದರು, ಕಟ್ಟಿಗೆಯ ಸಾಗಣೆಯಿಂದ ಹಿಡಿದು ಕುಲುಮೆಯ ಬಾಯಿಯವರೆಗೆ ಪೋಲು ತಡೆದರು. ಕಾರ್ಖಾನೆ ಮುಚ್ಚಲಿಲ್ಲ. ಆ ಹೊತ್ತಿಗೆ ಅದೇ ದೊಡ್ಡ ಗೆಲುವು. ಈ ಸೇವೆಗಾಗಿ ತಮಗೆ ಬರಬೇಕಿದ್ದ ಸಂಭಾವನೆಯನ್ನು ಅವರು ಮನೆಗೆ ಒಯ್ಯಲಿಲ್ಲ. ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟು, ತಮ್ಮ ಹೆಸರನ್ನೂ ಇಡಗೊಡದೆ ಜಯಚಾಮರಾಜೇಂದ್ರ ಒಡೆಯರ ಹೆಸರು ಇಡಿಸಿದರು. ಅದೇ ಇಂದಿನ ಎಸ್‌ಜೆ ಪಾಲಿಟೆಕ್ನಿಕ್.

ಮರದೊಳಗಿನ ಸಕ್ಕರೆ ಎಲ್ಲಿ ಹೋಯಿತು?

ಭದ್ರಾವತಿಯ ಗೂಡಿನಿಂದ ಹುಳಿ ಬಂತು, ಸ್ಪಿರಿಟ್ ಬಂತು, ಟಾರು ಬಂತು. ಮರದಲ್ಲಿ ಅರ್ಧಕ್ಕೆ ಹತ್ತಿರ ಇರುವ ಸೆಲ್ಯುಲೋಸ್‌ನ ಸಕ್ಕರೆ ಮಾತ್ರ ಬರಲಿಲ್ಲ. ಕಾರಣ ಶಾಖದ ವೇಗ.

ಕಟ್ಟಿಗೆಯನ್ನು ನಿಧಾನವಾಗಿ ಕಾಯಿಸಿದರೆ ಸೆಲ್ಯುಲೋಸ್ ನೀರು ಬಿಟ್ಟುಕೊಡುತ್ತಾ ಇದ್ದಿಲಾಗುತ್ತದೆ. ಲೆವೊಗ್ಲುಕೋಸಾನ್ ಹುಟ್ಟಿದರೂ ಬಿಸಿ ಗೂಡಿನಲ್ಲೇ ಸುಳಿದಾಡಿ ಮತ್ತೆ ಮುರಿದು ಹೋಗುತ್ತದೆ. ಜೊತೆಗೆ ಮರದ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾಟ. ಅದು ತುಸು ಇದ್ದರೂ ಸಕ್ಕರೆಯ ಕೊಂಡಿ ಕಳಚುವ ಬದಲು ಉಂಗುರವೇ ಒಡೆದು ಚೂರಾಗುತ್ತದೆ. ಸಕ್ಕರೆ ಬೇಕಿದ್ದರೆ ಪುಡಿ ಮಾಡಿದ ನಾರನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಷಣಮಾತ್ರದಲ್ಲಿ ಕಾಯಿಸಿ, ಹೊರಟ ಆವಿಯನ್ನು ತಕ್ಷಣ ತಣಿಸಬೇಕು. ಅದಕ್ಕೂ ಮೊದಲು ಆಮ್ಲದಲ್ಲಿ ತೊಳೆದು ಪೊಟ್ಯಾಸಿಯಂ ತೆಗೆಯಬೇಕು ಅಥವಾ ಅದರ ಕೈಕಟ್ಟಬೇಕು. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಈ ದಾರಿಯಲ್ಲೇ ಹುಲ್ಲು, ಕಟ್ಟಿಗೆಗಳಿಂದ ಸಕ್ಕರೆ ತೆಗೆಯುವ ಕೆಲಸ ನಡೆದಿದೆ.

ಹಾಗೆಂದು ವಿಶ್ವೇಶ್ವರಯ್ಯನವರ ಗೂಡನ್ನು ಹಳಿಯುವಂತಿಲ್ಲ. ಅವರಿಗೆ ಬೇಕಾಗಿದ್ದದ್ದೇ ಇದ್ದಿಲು. ಇದ್ದಿಲಿಗೆ ನಿಧಾನದ ಬೆಂಕಿ ಬೇಕು, ಸಕ್ಕರೆಗೆ ಅವಸರದ ಬೆಂಕಿ ಬೇಕು. ಒಂದೇ ಗೂಡಿನಲ್ಲಿ ಎರಡೂ ಆಗದು.

ಭದ್ರಾವತಿಯಲ್ಲೇ ಸೆಲ್ಯುಲೋಸ್‌ಗೆ ಬೇರೆ ದಾರಿಯೂ ಸಿಕ್ಕಿತು. 1930ರ ದಶಕದಲ್ಲಿ ಅಲ್ಲಿ ಮೈಸೂರು ಪೇಪರ್ ಮಿಲ್ ಬಂತು. ಕಾಗದ ಎಂದರೆ ಮುರಿಯದೆ ಉಳಿಸಿಕೊಂಡ ಸೆಲ್ಯುಲೋಸ್. 1980ರ ದಶಕದಲ್ಲಿ ಅದೇ ಮಿಲ್ಲು ಸಕ್ಕರೆ ಕಾರ್ಖಾನೆಯನ್ನೂ ನಡೆಸಿ, ಕಬ್ಬಿನ ರಸದಿಂದ ಸಕ್ಕರೆ ಮಾಡಿ, ಸಿಪ್ಪೆಯಿಂದ ಪತ್ರಿಕೆಗಳ ಕಾಗದ ಮಾಡಿತು. ನಿಮ್ಮ ಮನೆಗೆ ಬರುತ್ತಿದ್ದ ದಿನಪತ್ರಿಕೆಯ ಹಾಳೆ ಯಾವುದೋ ಗದ್ದೆಯ ಕಬ್ಬಿನ ಸಿಪ್ಪೆಯೇ ಆಗಿದ್ದಿರಬಹುದು. ಈಗ ಆ ಮಿಲ್ಲೂ ನಿಂತುಹೋಗಿದೆ.

ಪುಣೆಗೆ ವಾಪಸ್ ಬರೋಣ. ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಲಿತ ಊರು ಇಂದು ದೇಶದ ಸಕ್ಕರೆ ತಂತ್ರಜ್ಞಾನದ ತವರು. ಮಾಂಜರಿಯಲ್ಲಿ ವಸಂತದಾದಾ ಸಕ್ಕರೆ ಸಂಸ್ಥೆ ಇದೆ, ಪಾಷಾಣ್‌ನಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಇದೆ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ 2022ರ ಆಗಸ್ಟ್‌ನಲ್ಲಿ ಆರಂಭಿಸಿದ ಎಥನಾಲ್ ಸ್ಥಾವರಕ್ಕೆ ತಂತ್ರಜ್ಞಾನ ಕೊಟ್ಟದ್ದು ಪುಣೆಯ ಪ್ರಾಜ್ ಕಂಪನಿ. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ಮಾಡುವುದು ಅದರ ಗುರಿ. ಅಲ್ಲಿ ಶಾಖ, ಆಮ್ಲಗಳಿಂದ ಹುಲ್ಲನ್ನು ಸಡಿಲಿಸಿ, ಕಿಣ್ವಗಳಿಂದ ಸೆಲ್ಯುಲೋಸನ್ನು ಸಕ್ಕರೆಯಾಗಿ ಬಿಡಿಸುತ್ತಾರೆ. ಬರೀ ಶಾಖದ ದಾರಿ ಇನ್ನೂ ಅಷ್ಟು ದೊಡ್ಡ ಪ್ರಮಾಣಕ್ಕೆ ಬೆಳೆದಿಲ್ಲ. ಯಾವ ದಾರಿಯಾದರೂ ತೊಡಕು ಭದ್ರಾವತಿಯದ್ದೇ: ಹುಲ್ಲು, ಸಿಪ್ಪೆ, ಕಟ್ಟಿಗೆಗಳನ್ನು ಊರೂರಿನಿಂದ ಕಲೆಹಾಕಿ ತರುವ ಖರ್ಚು ಮತ್ತು ಪೆಟ್ರೋಲಿಯಂ ಬೆಲೆಯೊಂದಿಗಿನ ಪೈಪೋಟಿ.

ಭದ್ರಾವತಿ ಬಿಟ್ಟ ಮೇಲೂ ಸರ್ ಎಂವಿ ಸುಮ್ಮನೆ ಕೂರಲಿಲ್ಲ. 1934ರಲ್ಲಿ ದೇಶಕ್ಕೆ ಯೋಜಿತ ಆರ್ಥಿಕತೆ ಬೇಕೆಂದು ಪುಸ್ತಕ ಬರೆದರು, 1955ರಲ್ಲಿ ಭಾರತ ರತ್ನ ಬಂತು, ನೂರು ವರ್ಷ ತುಂಬಿಸಿ 1962ರ ಏಪ್ರಿಲ್‌ನಲ್ಲಿ ಕಣ್ಮುಚ್ಚಿದರು. ಕಾರ್ಖಾನೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳಿಗೆ ಹೊರಳಿತು, 1970ರ ದಶಕದಲ್ಲಿ ಅವರ ಹೆಸರನ್ನೇ ಇಟ್ಟುಕೊಂಡಿತು, ಆಮೇಲೆ ಸೇಲ್ ಕೈಗೆ ಹೋಯಿತು. ಊದುಕುಲುಮೆ ಹೊತ್ತಿಕೊಂಡು ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಧರಣಿ ಕೂತರು, ಊರು ಬಂದ್ ಆಯಿತು. ಆ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಓಡತೊಡಗಿತು.